‘ಒಳಾಂಗಣ’ ಅಂದರೆ ಅಂಗಳವೋ, ಕೋಣೆಯೋ?

ಮಿತ್ರರೆ,

ನ್ಯೂಯಾರ್ಕಿನ ಕೆನೆಡಿ ವಿಮಾನ ನಿಲ್ದಾಣದಲ್ಲಿರುವ ಟಿಡಬ್ಲ್ಯುಎ ಹೋಟೆಲಿನ ಬಗೆಗಿನ ಬರೆಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲತಃ ಅದು ವಾಸ್ತುಶಿಲ್ಪಿ ಈರೋ ಸಾರಿನೆನ್ ಟಿಡಬ್ಲ್ಯುಎ ವಿಮಾನ ಸಂಸ್ಥೆಗಾಗಿ ರೂಪಿಸಿದ ಟರ್ಮಿನಲ್. 1962ರಲ್ಲಿ ತೆರೆಯಿತು (ಸಾರಿನೆನ್ ಹಿಂದಿನ ವರ್ಷವೇ ತೀರಿಕೊಂಡಿದ್ದರು), 2001ರಲ್ಲಿ ಮುಚ್ಚಿತು, 2019ರಲ್ಲಿ ಹೋಟೆಲಾಯಿತು. ಇಂಟೀರಿಯರ್ ಡಿಸೈನ್ ಎಂಬ ಮಾತು ಬಂದಲ್ಲೆಲ್ಲ ಕೈ ತಾನಾಗಿ ‘ಒಳಾಂಗಣ ವಿನ್ಯಾಸ’ ಎಂದು ಬರೆಯುತ್ತದೆ. ಮನಸ್ಸು ಒಪ್ಪುತ್ತಿಲ್ಲ.

ಅಂಗಣವೆಂದರೆ ಅಂಗಳವೇ ತಾನೆ? ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಅಂಗಳವೆಂದರೆ ಅಡಕೆ ಒಣಹಾಕುವ, ತಲೆಯೆತ್ತಿದರೆ ಆಕಾಶ ಕಾಣುವ ಜಾಗ. ಒಳಗಿನ ಅಂಗಣ ಎಂದರೆ ನಾಲ್ಕು ಸುತ್ತಿನ ಮನೆಯ ನಡುವೆ ಮಳೆನೀರು ಬೀಳುವ ತೊಟ್ಟಿ, ಮಲಯಾಳದವರ ನಡುಮುಟ್ಟ. ಹಳೆಯ ಮನೆಯೊಂದನ್ನು ಹೋಂಸ್ಟೇ ಮಾಡಿ ‘ಒಳಾಂಗಣ ಬದಲಾಯಿಸಿದ್ದೇವೆ’ ಎಂದು ಬರೆದರೆ, ಕೈಹಾಕಿದ್ದು ತೊಟ್ಟಿಗೋ ಕೋಣೆಗಳಿಗೋ ಎಂದು ಇಲ್ಲಿನ ಓದುಗರು ಕೇಳಿಯೇ ಕೇಳುತ್ತಾರೆ. ಪತ್ರಿಕೆಗಳ ‘ಒಳಾಂಗಣ ಕ್ರೀಡಾಂಗಣ’ದಲ್ಲಂತೂ ಎರಡೆರಡು ಅಂಗಣ, ಮೇಲೆ ಮಾತ್ರ ಸೂರು!

‘ಒಳಾಲಂಕಾರ’ ಆಗಬಹುದೆಂದು ಒಬ್ಬರು ಸೂಚಿಸಿದರು. ಈ ಕಟ್ಟಡಕ್ಕೆ ಅದು ಸಲ್ಲುವುದೇ ಇಲ್ಲ. ಚಾವಣಿಯ ನಾಲ್ಕು ಕಾಂಕ್ರೀಟ್ ಚಿಪ್ಪುಗಳು ಕವಲೊಡೆದ ನಾಲ್ಕೇ ಆಧಾರಗಳ ಮೇಲೆ ನಿಂತಿವೆ. ನೆಲವೇ ಬಾಗಿ ಗೋಡೆಯಾಗುತ್ತದೆ, ಗೋಡೆಯೇ ಇಳಿದು ಕೂರುವ ಕಟ್ಟೆಯಾಗುತ್ತದೆ. ತಗ್ಗಿನಲ್ಲಿ ಕೆಂಪು ಆಸನಗಳ ಲೌಂಜ್. ಕಟ್ಟಿದ ಮೇಲೆ ತಂದು ತೊಡಿಸಿದ ಒಡವೆ ಇದಲ್ಲ. ಹಾಗೆಯೇ ಕೋಪನ್‌ಹೇಗನ್ನಿನಲ್ಲಿ 1960ರಲ್ಲಿ ತೆರೆದ ಎಸ್ಎಎಸ್ ರಾಯಲ್ ಹೋಟೆಲಿಗೆ ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೊಬ್ಸೆನ್ ಕಟ್ಟಡದ ಜೊತೆಗೆ ಕುರ್ಚಿ, ದೀಪ, ಬಾಗಿಲ ಹಿಡಿಕೆ, ಚಮಚದವರೆಗೆ ತಾನೇ ರೂಪಿಸಿದ. ಅಲಂಕಾರವನ್ನು ದೂರವಿಟ್ಟವರ ಕೆಲಸವನ್ನು ಅಲಂಕಾರ ಎಂದು ಕರೆಯುವುದು ಅನ್ಯಾಯ.

ಸದ್ಯಕ್ಕೆ ‘ಒಳವಿನ್ಯಾಸ’ ಎಂದು ಬರೆದಿದ್ದೇನೆ. ಚಿಕ್ಕದು, ಅಂಗಣದ ಗೊಂದಲವಿಲ್ಲ. ಬಳಕೆಯಲ್ಲಿ ನೆಲೆಯೂರಿದ ಪದವನ್ನು ಬಿಡುವುದು ಸರಿಯೆ ಎಂಬುದು ನನ್ನ ಮೊದಲ ಪ್ರಶ್ನೆ.

ಇನ್ನೊಂದು, ಮಾಡರ್ನಿಸ್ಟ್ ಎಂಬುದಕ್ಕೆ ‘ಆಧುನಿಕ’ ಎಂದರೆ ಈಗಿನದು ಎಂಬ ಅರ್ಥವೇ ಮುಂದಾಗುತ್ತದೆ. ಅರುವತ್ತು ವರ್ಷ ದಾಟಿ ಪಾರಂಪರಿಕವಾದ ಕಟ್ಟಡವನ್ನು ಹಾಗೆನ್ನುವುದು ಹೇಗೆ? ಅಡಿಗರ ಕಾವ್ಯದಿಂದ ನಮಗೆ ಬಳಕೆಯಾದ ‘ನವ್ಯ’ ಒಂದು ಕಾಲದ, ಒಂದು ನಿಲುವಿನ ಹೆಸರು. ‘ನವ್ಯ ವಾಸ್ತುಶಿಲ್ಪ’ ಎಂದರೆ ಸಾಹಿತ್ಯದ ವಾಸನೆ ಹೆಚ್ಚಾಯಿತೆ? ನನಗೆ ಅದೇ ಹಿಡಿಸಿದೆ.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಹಳೆಯ ದೊಡ್ಡ ಮನೆಗಳಾದ ವಾಡೆಗಳ ನಡುವಿನ ಬಯಲು ಚೌಕಕ್ಕೂ ಸುತ್ತಲಿನ ಕೋಣೆಗಳ ಒಳಭಾಗಕ್ಕೂ ಬಡಗಿಗಳು, ಗೌಂಡಿಗಳು ಬೇರೆ ಬೇರೆ ಹೆಸರು ಹೇಳುತ್ತಾರೆಯೆ? ಇದ್ದರೆ ಆ ಪದ ಬೇಕು, ಅವರು ಉಚ್ಚರಿಸುವ ಹಾಗೆಯೇ.