ಹಗುರವಾದ ಚಾರಣ ಸಾಮಗ್ರಿ ಬೆಂಗಳೂರಿನ ರಿಯಾಯಿತಿ ಅಂಗಡಿಗಳಲ್ಲಿ ಸಿಗುತ್ತದೆಯೇ?

ಪ್ರಶ್ನೆ – ಹನುಮಂತನಗರದಿಂದ

ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ನಾನೂ ನನ್ನ ತಂಗಿಯೂ ಉತ್ತರಾಖಂಡದ ಕೇದಾರಕಂಠಕ್ಕೆ ಚಾರಣ ಹೊರಟಿದ್ದೇವೆ. ಸಾವನದುರ್ಗವನ್ನೂ ಕುಮಾರಪರ್ವತವನ್ನೂ ಕಾಲೇಜಿನ ಬ್ಯಾಗು ಹೊತ್ತೇ ಹತ್ತಿದವರು ನಾವು. ಕಳೆದ ಸಲ ಕುಮಾರಪರ್ವತದಿಂದ ಇಳಿಯುವಾಗ ಬ್ಯಾಗಿನ ಪಟ್ಟಿ ಹೆಗಲು ಕೊರೆದು, ತಂಗಿಗೆ ಎರಡು ದಿನ ಕೈ ಎತ್ತುವುದೇ ಕಷ್ಟವಾಯಿತು. ಅದಕ್ಕಾಗಿಯೇ ಈ ಬಾರಿ ಹೊರೆಯನ್ನು ಆದಷ್ಟು ಇಳಿಸಬೇಕೆಂದಿದ್ದೇವೆ. ಡೇರೆ ಮತ್ತು ಸ್ಲೀಪಿಂಗ್ ಬ್ಯಾಗುಗಳನ್ನು ಕರೆದೊಯ್ಯುವ ತಂಡದವರೇ ಕೊಡುತ್ತಾರೆ. ಬ್ಯಾಗು, ಬಟ್ಟೆ, ಶೂ ಎಲ್ಲಕ್ಕೂ ಸೇರಿ ಇಬ್ಬರಿಗೆ ಹನ್ನೆರಡು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿ ನಾವಿಲ್ಲ. ಮಾರತಹಳ್ಳಿಯ ಫ್ಯಾಕ್ಟರಿ ಔಟ್‌ಲೆಟ್‌ಗಳಲ್ಲಿ, ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ಏನನ್ನು ಧೈರ್ಯವಾಗಿ ಕೊಳ್ಳಬಹುದು, ಏನನ್ನು ಕೊಳ್ಳಬಾರದು? ಬೆಲೆ ಇಳಿದಂತೆ ತೂಕ ಏರುತ್ತದೆ ಎಂಬ ಮಾತು ನಿಜವೇ?

ಉತ್ತರ – ಮಲ್ಲೇಶ್ವರದಿಂದ

ಬೆಲೆಗೂ ತೂಕಕ್ಕೂ ಅಂತಹ ನೇರ ಸಂಬಂಧವಿಲ್ಲ. ರಿಯಾಯಿತಿ ಅಂಗಡಿಗಳಲ್ಲಿ ನಿಜವಾದ ತೊಡಕೆಂದರೆ, ಅಲ್ಲಿ ಯಾವ ವಸ್ತುವಿನ ತೂಕವನ್ನೂ ಯಾರೂ ಹೇಳುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಸೂಟ್‌ಕೇಸ್ ತೂಗಲು ಬಳಸುವ ಕೊಕ್ಕೆಯ ಪುಟ್ಟ ಡಿಜಿಟಲ್ ತಕ್ಕಡಿಯೊಂದನ್ನು ಕೈಚೀಲದಲ್ಲಿ ಹಾಕಿಕೊಳ್ಳಿ. ಕ್ರೀಡಾ ಸಾಮಗ್ರಿ ಮಾರುವ ಡೆಕಾಥ್ಲಾನ್‌ನ ಜಾಲತಾಣದಲ್ಲಿ ಅನೇಕ ವಸ್ತುಗಳ ತೂಕವನ್ನು ಕೊಟ್ಟಿರುತ್ತಾರೆ. ನಿಮಗೆ ಬೇಕಾದ ಫ್ಲೀಸ್ (ಮೆತ್ತನೆಯ, ಬೆಚ್ಚನೆಯ ಹಗುರ ಮೇಲಂಗಿ), ಮಳೆ ಜಾಕೆಟ್, ಐವತ್ತು ಲೀಟರಿನ ಬ್ಯಾಗು ಇವುಗಳ ತೂಕವನ್ನು ಅಲ್ಲಿಂದ ಬರೆದುಕೊಂಡರೆ, ಅಂಗಡಿಯಲ್ಲಿ ಹೋಲಿಸಲು ಒಂದು ಅಳತೆಗೋಲು ಸಿಕ್ಕಂತಾಗುತ್ತದೆ. ನಾನು ತಕ್ಕಡಿಯಲ್ಲಿ ತೂಗಿದಾಗ ಅಂಗಡಿಯವರು ಮೊದಲು ಆಶ್ಚರ್ಯದಿಂದ ನೋಡಿದರೂ ಯಾರೂ ಬೇಡವೆನ್ನಲಿಲ್ಲ.

ಫ್ಲೀಸ್ ವಿಷಯದಲ್ಲಿ ನಮ್ಮ ಊರಿನವರು ಅದೃಷ್ಟವಂತರು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶಗಳಿಗೆಂದು ಹೊಲಿದ ಬಟ್ಟೆಗಳಲ್ಲಿ ಹೆಚ್ಚಾಗಿ ಉಳಿದವು, ಸಣ್ಣ ದೋಷವಿದ್ದವು ಸರ್‌ಪ್ಲಸ್ ಅಂಗಡಿಗಳಿಗೆ ಬರುತ್ತವೆ. ಕತ್ತಿನ ಬಳಿಯ ಬ್ರ್ಯಾಂಡ್ ಲೇಬಲ್ಲನ್ನು ಕತ್ತರಿಸಿದ್ದರೂ ಪಕ್ಕದ ಹೊಲಿಗೆಯಲ್ಲಿರುವ ಒಗೆತದ ಚೀಟಿ ಸಾಮಾನ್ಯವಾಗಿ ಉಳಿದಿರುತ್ತದೆ. ಅದರಲ್ಲಿ ನೂರಕ್ಕೆ ನೂರು ಪಾಲಿಯೆಸ್ಟರ್ ಎಂದಿದ್ದರೆ ತೆಗೆದುಕೊಳ್ಳಿ, ಹತ್ತಿ ಬೆರೆತಿದ್ದರೆ ಬಿಟ್ಟುಬಿಡಿ. ಹತ್ತಿ ಬೆವರನ್ನು ಹೀರಿಕೊಂಡು ಬೇಗ ಒಣಗುವುದಿಲ್ಲ. 3,810 ಮೀಟರ್ ಎತ್ತರದ ಶಿಖರಕ್ಕೆ ಬೆಳಗಿನ ಜಾವದ ಕತ್ತಲಲ್ಲಿ ಹೊರಡುವಾಗ ಮೈಗಂಟಿದ ಒದ್ದೆ ಬನಿಯನ್ನು ಮೈಯ ಶಾಖವನ್ನೆಲ್ಲ ಕಸಿಯುತ್ತದೆ. ಥರ್ಮಲ್ (ಚಳಿಗೆ ಒಳಗೆ ಧರಿಸುವ ಬಟ್ಟೆ) ಕೊಳ್ಳುವಾಗಲೂ ಇದೇ ಚೀಟಿಯನ್ನು ಓದಿ, ಏಕೆಂದರೆ ನಮ್ಮಲ್ಲಿ ಮಾರಾಟವಾಗುವ ಥರ್ಮಲ್‌ಗಳಲ್ಲಿ ಹತ್ತಿ ಬೆರೆತವು ಬಹಳ.

ಮಳೆ ಜಾಕೆಟ್ಟನ್ನು ಒಳಮಗ್ಗುಲು ತಿರುಗಿಸಿ ನೋಡದೆ ಕೊಳ್ಳಬೇಡಿ. ಹೊಲಿಗೆಗಳ ಮೇಲೆ ಟೇಪ್ ಅಂಟಿಸಿರಬೇಕು, ಒಳಲೇಪ ಬೆರಳಿಗೆ ಅಂಟಬಾರದು, ಸಿಪ್ಪೆ ಏಳಬಾರದು. ಬಹುಕಾಲ ಗೋದಾಮಿನಲ್ಲಿ ಬಿದ್ದಿದ್ದ ಜಾಕೆಟ್‌ಗಳ ಲೇಪ ಹಾಳಾಗಿರುವುದುಂಟು, ಅದು ವಾಸನೆಯಿಂದಲೇ ತಿಳಿಯುತ್ತದೆ. ಬ್ಯಾಗಿನಲ್ಲಿ ಮಾತ್ರ ನೂರಿನ್ನೂರು ಗ್ರಾಂ ಉಳಿಸಲು ಹೋಗಿ ಸೊಂಟದ ಪಟ್ಟಿಯಿಲ್ಲದ್ದನ್ನು ಆರಿಸಬೇಡಿ. ನಿಮ್ಮ ತಂಗಿಯ ಹೆಗಲಿನ ನೋವಿಗೆ ಕಾರಣ ಬಹುಶಃ ಭಾರಕ್ಕಿಂತ ಹೆಚ್ಚಾಗಿ, ಆ ಭಾರವನ್ನು ಸೊಂಟಕ್ಕೆ ದಾಟಿಸಲು ಏನೂ ಇಲ್ಲದಿದ್ದುದು.

ಉತ್ತರ – ವಿಜಯನಗರದಿಂದ

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಶೂ ಬಗ್ಗೆ ಅವರು ಬರೆಯಲಿಲ್ಲವಾದ್ದರಿಂದ ನನ್ನ ಅನುಭವವನ್ನು ಹೇಳಬೇಕಾಗಿದೆ. ಅರ್ಧ ಬೆಲೆಗೆ ಸಿಕ್ಕಿತೆಂದು ಒಂದು ಅಂಗಡಿಯಲ್ಲಿ ಕೊಂಡ ಹೊಸ ಚಾರಣದ ಶೂವಿನ ಅಟ್ಟೆ ಕೊಡಗಿನ ತಡಿಯಂಡಮೋಳ್ ಬೆಟ್ಟ ಇಳಿಯುವಾಗ ಪೂರ್ತಿ ಕಳಚಿಬಂತು. ಉಳಿದ ದಾರಿಯನ್ನು ಹಗ್ಗ ಬಿಗಿದುಕೊಂಡು ನಡೆದೆ. ಆಮೇಲೆ ತಿಳಿದ ಸಂಗತಿಯೆಂದರೆ, ಕೆಲವು ಶೂಗಳ ನಡುವಿನ ಅಟ್ಟೆಯಲ್ಲಿ ಬಳಸುವ ಪಾಲಿಯುರೆಥೇನ್ ಎಂಬ ವಸ್ತು ಧರಿಸದೆ ಪೆಟ್ಟಿಗೆಯಲ್ಲಿಟ್ಟರೂ ಗಾಳಿಯ ತೇವಾಂಶದಿಂದ ವರ್ಷಗಳುರುಳಿದಂತೆ ಪುಡಿಯಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ಚೀಟಿಯಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ತಪ್ಪದೆ ನೋಡಿ, ಪೆಟ್ಟಿಗೆಯೇ ಇಲ್ಲದ ಶೂವನ್ನು ಎಷ್ಟೇ ಅಗ್ಗವಾದರೂ ಬೇಡವೆನ್ನಿ. ನಿಮ್ಮ ಹನ್ನೆರಡು ಸಾವಿರದಲ್ಲಿ ದೊಡ್ಡ ಪಾಲು ಶೂಗಳಿಗೇ ಹೋಗಲಿ. ಈಗಲೇ ಕೊಂಡು, ಹಿಮಾಲಯಕ್ಕೆ ಹೋಗುವ ಮೊದಲು ನಾಲ್ಕೈದು ವಾರ ಲಾಲ್‌ಬಾಗಿನಲ್ಲಿ ಹಾಕಿಕೊಂಡು ನಡೆಯಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಮನೆಯಲ್ಲಿದ್ದ ಬ್ಯಾಗನ್ನು ತೂಗಿದೆವು. ಬರಿಯ ಸ್ಟೀಲ್ ಬಾಟಲಿ, ಟರ್ಕಿ ಟವೆಲ್, ಜೀನ್ಸ್ ಮೂರೇ ಸೇರಿ ಎರಡು ಕಿಲೋ ಸಮೀಪವಿದ್ದವು. ಉಳಿದಿರುವುದು ಗರಿ ತುಂಬಿದ ದಪ್ಪ ಜಾಕೆಟ್. ಅದನ್ನು ಔಟ್‌ಲೆಟ್‌ನಲ್ಲಿ ಹುಡುಕಬಹುದೇ?

ಉತ್ತರ – ಮಲ್ಲೇಶ್ವರದಿಂದ

ಅದನ್ನು ಕೊಳ್ಳಲೇಬೇಡಿ, ಬಾಡಿಗೆಗೆ ಪಡೆಯಿರಿ. ಐದಾರು ದಿನ ಧರಿಸಿ ಬಂದ ಮೇಲೆ ಬೆಂಗಳೂರಿನ ಚಳಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಚಾರಣದ ಸಾಮಗ್ರಿಗಳನ್ನು ಬಾಡಿಗೆಗೆ ಕೊಡುವವರು ನಗರದಲ್ಲಿದ್ದಾರೆ, ಚಾರಣ ಆರಂಭವಾಗುವ ಸಾಂಕ್ರಿಯಲ್ಲಿಯೂ ಸಿಗುತ್ತವೆ. ಟರ್ಕಿ ಟವೆಲಿನ ಬದಲು ತೆಳ್ಳನೆಯ ಪಾಣಿಪಂಚೆ ಸಾಕು. ಜೀನ್ಸ್ ಮನೆಯಲ್ಲಿರಲಿ. ಬಾಟಲಿಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ಕೊಳವೆಯಿಂದ ಹೀರುವ ನೀರಿನ ಚೀಲವನ್ನು ಹಗುರವೆಂದು ಕೊಳ್ಳಬೇಡಿ, ಡಿಸೆಂಬರಿನಲ್ಲಿ ಆ ಕೊಳವೆಯೊಳಗಿನ ನೀರು ಹೆಪ್ಪುಗಟ್ಟುತ್ತದೆ. ಇಬ್ಬರ ನಡುವೆ ಬಿಸಿನೀರಿಗೆ ಒಂದೇ ಫ್ಲಾಸ್ಕ್ ಇಟ್ಟುಕೊಂಡು, ಉಳಿದ ನೀರನ್ನು ಹಗುರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿ.