ಅಪ್ಪನ ಆರೈಕೆಯೂ ಆಗಬೇಕು, ಗದ್ದೆಯೂ ಉಳಿಯಬೇಕು: ಅನುಭವ ಇದ್ದವರು ಹೇಳಿ

ಸಿಂಧನೂರಿನಿಂದ ಕೇಳುತ್ತಿದ್ದೇನೆ. ಅಪ್ಪನಿಗೆ 74 ವರ್ಷ. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ಮಾತು ತೊದಲುತ್ತದೆ, ಬುದ್ಧಿ ಚುರುಕಾಗಿದೆ. ಎಡದಂಡೆ ಕಾಲುವೆಯ ಕೆಳಗೆ ಅವರೇ ದುಡಿದು ಕೊಂಡ ನಾಲ್ಕು ಎಕರೆ ಗದ್ದೆ ಇದೆ, ಒಂದು ಮನೆ ಇದೆ. "ಈಗಲೇ ಮಕ್ಕಳ ಹೆಸರಿಗೆ ಮಾಡಿಬಿಡಿ, ಇಲ್ಲವಾದರೆ ಎಲ್ಲವೂ ಆಸ್ಪತ್ರೆಯ ಪಾಲಾಗುತ್ತದೆ" ಎನ್ನುತ್ತಾರೆ ನೆಂಟರು. ಅಣ್ಣನೂ ಅದನ್ನೇ ಹೇಳುತ್ತಾನೆ. ಕಿರಿಯವನಾದ ನನಗೆ ಏನೂ ತೋಚುತ್ತಿಲ್ಲ.

ಗಂಗಾವತಿಯಿಂದ:
ತಮ್ಮಾ, ಅವಸರ ಮಾಡಬೇಡ. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅಪ್ಪ ಗಟ್ಟಿಯಾಗಿದ್ದಾಗಲೇ ತಮ್ಮ ಮೂರು ಎಕರೆಯನ್ನು ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. ಎರಡು ವರ್ಷದೊಳಗೆ ಅದರ ಮೇಲೆ ಸಾಲ ಬಿತ್ತು. ಆಮೇಲೆ ಅವ್ವ ಹಾಸಿಗೆ ಹಿಡಿದಳು. ಅವಳ ಔಷಧಿಗಾಗಿ ಅಪ್ಪ ಅಣ್ಣನ ಬಾಗಿಲಲ್ಲಿ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿದೆವು. ಅಲ್ಲಿ ಮೊದಲು ಕೇಳಿದ್ದೇ "ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿ ಇದೆಯೇ?" ಎಂದು. ಚಕ್ಕುಬಂದಿ ಇತ್ತು, ಬದುವಿನ ಬೇವಿನ ಮರದ ಲೆಕ್ಕವೂ ಇತ್ತು, ಆ ಒಂದು ಸಾಲು ಇರಲಿಲ್ಲ.

ಷರತ್ತು ಹಾಕಿ ಕೊಟ್ಟ ಆಸ್ತಿಯಾದರೆ, ಪಡೆದವರು ಕೈಬಿಟ್ಟಾಗ ಆ ಕಾಯ್ದೆಯ 23ನೇ ಕಲಮಿನ ಪ್ರಕಾರ ರದ್ದು ಮಾಡಿಸಬಹುದು. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ತೀರ್ಪು ಹಿರಿಯರ ಕಡೆಗೆ ಹೆಚ್ಚು ಉದಾರವಾಗಿದೆ, ಆದರೂ ಅದನ್ನು ನೆಚ್ಚಿಕೊಂಡು ಬರಿಯ ದಾನಪತ್ರ ಮಾಡಿಸಬೇಡ. ನನ್ನ ಮನಸ್ಸಿಗೆ ಒಪ್ಪುವುದು ಮರಣಶಾಸನ. ಗದ್ದೆ ಸ್ವಯಾರ್ಜಿತವಾದ್ದರಿಂದ ಅಪ್ಪ ತಮ್ಮ ಇಚ್ಛೆಯಂತೆ ಬರೆಸಬಹುದು. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಅವರು ಇರುವವರೆಗೆ ಪಹಣಿಯಲ್ಲಿ ಅವರದೇ ಹೆಸರು, ಮನಸ್ಸು ಬದಲಾದರೆ ಪತ್ರವನ್ನೂ ಬದಲಿಸಬಹುದು. ಕಚೇರಿಗೆ ಹೊತ್ತೊಯ್ಯಲಾಗದಿದ್ದರೆ ಉಪನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ, ಕೇಳು.

ಬಳ್ಳಾರಿಯಿಂದ, ಬ್ಯಾಂಕಿನಿಂದ ನಿವೃತ್ತನಾದವನು:
ಮೇಲಿನವರ ಮಾತಿಗೆ ಇಷ್ಟು ಸೇರಿಸುತ್ತೇನೆ. ಮರಣಶಾಸನ ಬರೆಸುವ ದಿನದ್ದೇ ತಾರೀಖಿನಲ್ಲಿ, ಅಪ್ಪನವರ ಬುದ್ಧಿ ಸ್ವಸ್ಥವಾಗಿದೆ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಸಹಿ ಹಾಕುವ ಕೈ ಬಿದ್ದಿದೆ ಎಂದು ಖಾತೆ ನಿಂತುಹೋಗಬೇಕಿಲ್ಲ. ಹೆಬ್ಬೆರಳ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿದ್ದರೆ, ಒಪ್ಪಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಒಂದಿದ್ದರೆ ಸಾಕು ಎಂದು ಬಹಳ ಮಂದಿ ನಂಬಿರುತ್ತಾರೆ. ಕೊಟ್ಟವರ ಬುದ್ಧಿ ಹೋದ ದಿನ ಆ ಪತ್ರಕ್ಕೂ ಬಲವಿರುವುದಿಲ್ಲ, ಪಾಲಕರ ನೇಮಕಕ್ಕೆ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಆದ್ದರಿಂದ ಆಗಬೇಕಾದ್ದೆಲ್ಲ ಈಗಲೇ ಆಗಲಿ.

ರಾಯಚೂರಿನಿಂದ:
ತಮ್ಮಾ, ಆಸ್ಪತ್ರೆಯ ಬಿಲ್ ಎಂದರೆ ನಾಲ್ಕು ಜನ ಓಡಿ ಬರುತ್ತಾರೆ. ನಮ್ಮನ್ನು ಬಗ್ಗಿಸಿದ್ದು ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಆರು ವರ್ಷ. ಗಾಳಿ ಹಾಸಿಗೆ, ಡೈಪರ್, ಫಿಸಿಯೋಥೆರಪಿ, ಹಗಲು ನೋಡಿಕೊಳ್ಳುವವಳ ಸಂಬಳ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಆಸ್ಪತ್ರೆಯ ಚಿಕಿತ್ಸೆಗೆ, ಮನೆಯಲ್ಲಿ ಮಗ್ಗುಲು ಬದಲಿಸುವವರ ಕೂಲಿಗಲ್ಲ. ಗಾಬರಿಯಲ್ಲಿ, ಕಾಲುವೆ ಒಣಗಿದ ಬೇಸಿಗೆಯಲ್ಲಿ, ಕೇಳಿದಷ್ಟಕ್ಕೆ ಒಂದು ಎಕರೆ ಮಾರಿದೆವು. ಆಮೇಲೆ ನಾನು ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯತೊಡಗಿದೆ. ತಿಂಗಳಿಗೆ 17,000 ರೂಪಾಯಿ. ಉಳಿದ ಗದ್ದೆಯ ಆದಾಯ ಮತ್ತು ಮುಂದಿನ ಅಂಗಡಿಯ ಬಾಡಿಗೆಯಲ್ಲೇ ಮುಕ್ಕಾಲು ತೂಗುತ್ತಿತ್ತು! ಮಾರುವ ಮೊದಲು ಬರೆದಿದ್ದರೆ ಆ ಎಕರೆ ಉಳಿಯುತ್ತಿತ್ತು. ಮಾರಿದ ಹಣವನ್ನಾದರೂ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತಿತ್ತು. ಅಲ್ಲಿ 60 ದಾಟಿದವರು 30 ಲಕ್ಷದವರೆಗೆ ಇಡಬಹುದು. ನಾವು ಸುಮ್ಮನೆ ಖಾತೆಯಲ್ಲಿ ಬಿಟ್ಟೆವು, ಕರಗಿತು.

ಇನ್ನೊಂದು ಮಾತು. ಹಾಸಿಗೆ ಹುಣ್ಣಾಗದಂತೆ ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಅತ್ತೆಯ ಮಗ್ಗುಲು ಬದಲಿಸಿದವಳು ನಾನು. ಆಸ್ತಿಯ ಮಾತಿಗೆ ಎಲ್ಲರೂ ಕೂತಾಗ ನಾನು ಚಹಾ ತಂದುಕೊಟ್ಟು ಒಳಗೆ ಹೋಗಬೇಕಾಯಿತು. ನಿಮ್ಮ ಮನೆಯಲ್ಲಿ ಅಪ್ಪನ ಆರೈಕೆ ಮಾಡುವವರು ಯಾರೋ, ಅವರನ್ನು ಮೊದಲು ಕೂರಿಸು. ಅವರ ದುಡಿಮೆಯನ್ನೂ ಖರ್ಚಿನ ಲೆಕ್ಕದಲ್ಲಿ ಬರೆ.

ಸಿಂಧನೂರಿನಿಂದ ಮತ್ತೆ:
ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಅಣ್ಣನಿಗೂ ಅತ್ತಿಗೆಗೂ ಇದನ್ನೆಲ್ಲ ಓದಿ ಹೇಳಿದೆ. ಅಪ್ಪನ ಆರೈಕೆಯೆಲ್ಲ ಅತ್ತಿಗೆಯದೇ. ಭಾನುವಾರ ಅಕ್ಕಂದಿರನ್ನೂ ಕರೆಸಿದ್ದೇವೆ. ಅಪ್ಪನ ಮಂಚದ ಸುತ್ತಲೇ ಕೂರುತ್ತೇವೆ.