ಕ್ರ್ಯಾಶ್ ಟೂಲ್‌ನ ಬಿಟಿಯಲ್ಲಿ (ಬ್ಯಾಕ್‌ಟ್ರೇಸ್‌ನಲ್ಲಿ) ಸಂಬಂಧವೇ ಇಲ್ಲದ ಫಂಕ್ಷನ್ ಬರುತ್ತಿದೆ, ಯಾವುದನ್ನು ನಂಬಲಿ?

ಪ್ರಶ್ನೆ

ನಮಸ್ಕಾರ ಎಲ್ಲರಿಗೂ. ಎರಡು ದಿನದಿಂದ ಒಂದೇ ವಿಎಂಕೋರ್ (ಕರ್ನಲ್ ಬಿದ್ದಾಗ ಉಳಿಸಿದ ಮೆಮೊರಿ ಡಂಪ್) ಇಟ್ಟುಕೊಂಡು ಕೂತಿದ್ದೇನೆ, ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಎಕ್ಸ್86-64 ಸರ್ವರ್, ನಾವೇ ಬಿಲ್ಡ್ ಮಾಡಿದ 6.6 ಕರ್ನಲ್. ಡಿಸ್ಕ್‌ಗೆ ಬರೆಯುವ ಟಾಸ್ಕ್‌ಗಳು ಡಿ ಸ್ಟೇಟ್‌ನಲ್ಲಿ (ಸಿಗ್ನಲ್ ಕಳಿಸಿದರೂ ಏಳದೆ ಕಾಯುವ ಸ್ಥಿತಿ) ಸಿಕ್ಕಿಹಾಕಿಕೊಂಡವು. ಹೀಗೆ ಸಿಕ್ಕಿಕೊಂಡ ಟಾಸ್ಕ್ ಕಂಡರೆ ಕರ್ನಲ್ ತಾನೇ ನಿಲ್ಲುವ ಹಂಗ್ ಟಾಸ್ಕ್ ಪ್ಯಾನಿಕ್ ಆನ್ ಮಾಡಿಟ್ಟಿದ್ದೆವು, ಹಾಗಾಗಿ 120 ಸೆಕೆಂಡ್ ಆದ ಮೇಲೆ ಪ್ಯಾನಿಕ್ ಆಗಿ ಕೆಡಂಪ್ ಡಂಪ್ ಉಳಿಸಿಕೊಟ್ಟಿತು. ಅಲ್ಲಿವರೆಗೆ ಎಲ್ಲ ಸರಿ.

ಡಂಪ್ ಓದುವ ಕ್ರ್ಯಾಶ್ ಟೂಲ್‌ನಲ್ಲಿ ಆ ಟಾಸ್ಕ್‌ಗೆ ಬಿಟಿ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು ಅಂತ ತೋರಿಸುವ ಕಮಾಂಡ್) ಕೊಟ್ಟರೆ ಮೇಲೆ ಶೆಡ್ಯೂಲ್, ಐಒ_ಶೆಡ್ಯೂಲ್, ಆಮೇಲೆ ನಮ್ಮ ಬ್ಲಾಕ್ ಡ್ರೈವರ್‌ನ ಸಬ್ಮಿಟ್ ಫಂಕ್ಷನ್. ಅದನ್ನು ಕರೆದದ್ದು ಪೇಜ್ ಫಾಲ್ಟ್ (ಬೇಕಾದ ಮೆಮೊರಿ ಪುಟ ಸಿಗದೆ ಕರ್ನಲ್ ಮಧ್ಯೆ ಬರುವುದು) ನೋಡಿಕೊಳ್ಳುವ ಹ್ಯಾಂಡಲ್_ಎಂಎಂ_ಫಾಲ್ಟ್ ಅಂತ ತೋರಿಸುತ್ತದೆ! ಅದರ ಕೆಳಗೆ ಮತ್ತೆ ಸಬ್ಮಿಟ್_ಬಯೋ, ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಎಲ್ಲ ಸರಿಯಾಗಿಯೇ ಇವೆ. ಲಾಕ್ ಹಿಡಿದುಕೊಂಡೇ ಯೂಸರ್ ಮೆಮೊರಿ ಮುಟ್ಟಿ ಪೇಜ್ ಫಾಲ್ಟ್ ತಗೊಂಡಿದ್ದೇವೆ ಅಂದುಕೊಂಡು ಡ್ರೈವರ್ ಕೋಡ್ ಇಡೀ ಜಾಲಾಡಿದೆ. ಅಂಥ ದಾರಿಯೇ ಇಲ್ಲ. ಕ್ರ್ಯಾಶ್ ಆವೃತ್ತಿ 8.0.2. ಬಿಟಿ ಔಟ್‌ಪುಟ್ ಸುಧಾರಿಸೋದಕ್ಕೆ ಏನಾದರೂ ಉಪಾಯ ಇದೆಯಾ?

ಉತ್ತರ 1

ನಿಮ್ಮ ಡ್ರೈವರ್ ಅನ್ನು ಸದ್ಯಕ್ಕೆ ಬಿಡಿ. ಮೊದಲು ಕ್ರ್ಯಾಶ್ ಬದಲಾಯಿಸಿ, ಕನಿಷ್ಠ 8.0.4 ಹಾಕಿಕೊಳ್ಳಿ.

ಕಾರಣ ಹೇಳ್ತೀನಿ. ಎಕ್ಸ್86-64ರಲ್ಲಿ ಓಆರ್‌ಸಿ ಅನ್ನುವ ಅನ್‌ವೈಂಡರ್ (ಸ್ಟ್ಯಾಕ್ ಓದಿ ಕರೆಗಳ ಸರಣಿ ಬಿಡಿಸುವ ಭಾಗ) ಕರ್ನಲ್ 4.14ರಲ್ಲಿ, ಅಂದರೆ 2017ರಲ್ಲಿ ಬಂತು. ಪ್ರತಿ ಫಂಕ್ಷನ್‌ನ ಫ್ರೇಮ್ (ಸ್ಟ್ಯಾಕ್‌ನಲ್ಲಿ ಅದರ ಜಾಗ) ಎಲ್ಲಿದೆ ಅಂತ ಹೇಳುವ ಫ್ರೇಮ್ ಪಾಯಿಂಟರ್ ಇಟ್ಟುಕೊಂಡರೆ ಕೆಲವು ಕೆಲಸಗಳು ಶೇ. 5ರಿಂದ 10ರಷ್ಟು ನಿಧಾನ ಆಗುತ್ತವೆ ಅಂತ ಕರ್ನಲ್ ದಾಖಲೆಯಲ್ಲೇ ಇದೆ, ಅದಕ್ಕೇ ಈ ದಾರಿ ಹಿಡಿದರು. ಕರ್ನಲ್ ಬಿಲ್ಡ್ ಆಗುವಾಗ ಆಬ್ಜ್‌ಟೂಲ್ ಅನ್ನುವ ಟೂಲ್ ಒಂದು ಟೇಬಲ್ ಮಾಡಿಡುತ್ತದೆ: ಕೋಡ್‌ನ ಈ ಜಾಗದಲ್ಲಿ ನಿಂತಿದ್ದರೆ ಹಿಂದಿನ ಫ್ರೇಮ್ ಎಷ್ಟು ದೂರದಲ್ಲಿದೆ ಅಂತ. ಕ್ರ್ಯಾಶ್ ಕೂಡ ಡಂಪ್ ಒಳಗಿನ ಅದೇ ಟೇಬಲ್ ಓದಿ ಬಿಟಿ ಬಿಡಿಸುತ್ತದೆ.

6.4 ಕರ್ನಲ್‌ನಲ್ಲಿ ಈ ಟೇಬಲ್‌ನ ಒಂದು ಬೆಲೆ ಬದಲಾಯಿತು. ಓಆರ್‌ಸಿ_ಟೈಪ್_ಕಾಲ್ ಮೊದಲು 0 ಇತ್ತು, ಈಗ 2. ಹಳೆಯ ಕ್ರ್ಯಾಶ್ ಇನ್ನೂ 0 ಹುಡುಕುತ್ತದೆ, ಸಿಗುವುದಿಲ್ಲ, ಹಾಗಾಗಿ ಆ ಎಂಟ್ರಿಗಳನ್ನು ಬಳಸುವುದೇ ಇಲ್ಲ. ಎರರ್ ಹೇಳುವುದೂ ಇಲ್ಲ, ನನಗೆ ಬೇಜಾರಾಗೋದು ಇದೇ. ಸುಮ್ನೆ ಹಳೆಯ ವಿಧಾನಕ್ಕೆ ಇಳಿಯುತ್ತದೆ. ಫಂಕ್ಷನ್‌ನ ಶುರುವಿನಿಂದ ಡಿಸ್‌ಅಸೆಂಬಲ್ ಮಾಡಿ ಎಷ್ಟು ಪುಶ್ (ಸ್ಟ್ಯಾಕ್‌ಗೆ ಬೆಲೆ ಹಾಕುವ ಇನ್‌ಸ್ಟ್ರಕ್ಷನ್) ಇದೆ, ಆರ್‌ಎಸ್‌ಪಿಯಿಂದ (ಸ್ಟ್ಯಾಕ್ ಪಾಯಿಂಟರ್ ರಿಜಿಸ್ಟರ್) ಎಷ್ಟು ಕಳೆದಿದೆ ಅಂತ ಎಣಿಸಿ ಫ್ರೇಮ್ ಸೈಜ್ ಅಂದಾಜು ಮಾಡುತ್ತದೆ. ಕಂಪೈಲರ್ ಪುಶ್‌ಗಳನ್ನು ಫಂಕ್ಷನ್ ಮಧ್ಯಕ್ಕೆ ಸರಿಸಿದ್ದರೆ ಆ ಎಣಿಕೆ ತಪ್ಪಬಹುದು. ತಪ್ಪಿದರೆ ಅಲ್ಲಿಂದ ಮುಂದೆ ಸ್ಟ್ಯಾಕ್‌ನಲ್ಲಿ ಕಣ್ಣಿಗೆ ಬಿದ್ದ ಮೊದಲ ಟೆಕ್ಸ್ಟ್ (ಅಂದರೆ ಕೋಡ್ ಇರುವ ಜಾಗದ) ಅಡ್ರೆಸ್ಸನ್ನೇ ರಿಟರ್ನ್ ಅಡ್ರೆಸ್ (ಫಂಕ್ಷನ್ ಮುಗಿದ ಮೇಲೆ ವಾಪಸ್ ಹೋಗುವ ಜಾಗ) ಅಂದುಕೊಳ್ಳುತ್ತದೆ.

ಹ್ಯಾಂಡಲ್_ಎಂಎಂ_ಫಾಲ್ಟ್ ಎಲ್ಲಿಂದ ಬಂತು ಅಂದರೆ, ಟಾಸ್ಕ್ ಯೂಸರ್ ಮೋಡ್‌ನಿಂದ ಕರ್ನಲ್ ಒಳಗೆ ಬಂದಾಗಲೆಲ್ಲ ಸ್ಟ್ಯಾಕ್ ಅದೇ ತುದಿಯಿಂದ ಶುರುವಾಗುತ್ತದೆ ಅಲ್ವಾ? ಇದಕ್ಕೆ ಮುಂಚೆ ಯಾವಾಗಲೋ ಒಂದು ಮಾಮೂಲಿ ಪೇಜ್ ಫಾಲ್ಟ್ ಆಗಿದೆ. ಆಗ ಬರೆದ ರಿಟರ್ನ್ ಅಡ್ರೆಸ್ ಅಲ್ಲೇ ಉಳಿದಿದೆ. ಈಗ ನಿಮ್ಮ ಫಂಕ್ಷನ್‌ನ ಫ್ರೇಮ್ ಅದರ ಮೇಲೆ ಬಂದು ಕೂತಿದೆ, ಆದರೆ ಆ 8 ಬೈಟ್‌ಗೆ ಇನ್ನೂ ಏನೂ ಬರೆದಿಲ್ಲ. ಅಳಿಸದೇ ಉಳಿದ ಹಳೇ ಗುರುತು ಅದು, ಅಷ್ಟೇ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೂ ಹೊಸ ಕ್ರ್ಯಾಶ್ ಹಾಕುವ ಮುಂಚೆ ಒಂದು ಸಲ ಕೈಯಲ್ಲೇ ಲೆಕ್ಕ ಹಾಕಿ ನೋಡಿ. ಒಮ್ಮೆ ಮಾಡಿದರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಬಿಟಿ -ಎಫ್ ಕೊಡಿ, ಪ್ರತಿ ಫ್ರೇಮ್‌ನ ಸ್ಟ್ಯಾಕ್ ಪದಗಳೂ (ತಲಾ 8 ಬೈಟ್) ಕಾಣುತ್ತವೆ, ಒಂದು ಸಾಲಿಗೆ ಎರಡು. ಆಮೇಲೆ ನಿಮ್ಮ ಸಬ್ಮಿಟ್ ಫಂಕ್ಷನ್‌ಗೆ ಡಿಸ್ (ಡಿಸ್‌ಅಸೆಂಬಲ್ ಕಮಾಂಡ್) ಕೊಟ್ಟು ಪುಶ್ ಎಣಿಸಿ. ಉದಾಹರಣೆಗೆ 3 ಪುಶ್, ಆಮೇಲೆ ಆರ್‌ಎಸ್‌ಪಿಯಿಂದ 72 ಕಳೆದಿದೆ ಅಂತ ಇಟ್ಟುಕೊಳ್ಳಿ. 3 ಸಲ 8 ಅಂದರೆ 24, ಅದಕ್ಕೆ 72 ಸೇರಿಸಿದರೆ 96 ಬೈಟ್, ಅಂದರೆ 12 ಪದ. ಆ ಫಂಕ್ಷನ್ ಒಳಗೆ ವಾಪಸ್ ಬರುವ ರಿಟರ್ನ್ ಅಡ್ರೆಸ್ ಎಲ್ಲಿದೆಯೋ ಅದನ್ನು ಬಿಟ್ಟು ಮುಂದಿನ 12 ಪದ ದಾಟಿ, 13ನೆಯದೇ ನಿಮ್ಮ ಫಂಕ್ಷನ್ ಅನ್ನು ಕರೆದವರ ಅಡ್ರೆಸ್. ಅದಕ್ಕಿಂತ ಮುಂಚೆ ಸಿಕ್ಕ ಟೆಕ್ಸ್ಟ್ ಅಡ್ರೆಸ್ ಯಾವುದೇ ಇರಲಿ, ಲೆಕ್ಕಕ್ಕಿಲ್ಲ.

ಸಿಕ್ಕಿದ ಅಡ್ರೆಸ್ ನಿಜವೋ ಸುಳ್ಳೋ ನೋಡಲು ಅದಕ್ಕೆ ಡಿಸ್ -ಆರ್ ಕೊಡಿ. ಆ ಅಡ್ರೆಸ್‌ಗೆ ಸರಿಯಾಗಿ ಹಿಂದಿನ ಇನ್‌ಸ್ಟ್ರಕ್ಷನ್ ಕಾಲ್ ಆಗಿರಲೇಬೇಕು, ಆ ಕಾಲ್ ನಿಮ್ಮ ಫಂಕ್ಷನ್‌ಗೇ ಹೋಗಬೇಕು. ಫಂಕ್ಷನ್ ಪಾಯಿಂಟರ್ ಮೂಲಕ ಕರೆದಿದ್ದರೆ ಮಾತ್ರ ಹೆಸರು ಕಾಣುವುದಿಲ್ಲ, ಆಗ ಸೋರ್ಸ್ ನೋಡಬೇಕು.

ಪ್ರಶ್ನೆ ಕೇಳಿದವರು

ತುಂಬಾ ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಕೈಯಲ್ಲೇ ಮಾಡಿದೆ. ನಮ್ಮದರಲ್ಲಿ 5 ಪುಶ್, 56 ಕಳೆದಿದೆ, ಅಲ್ಲಿಗೂ 96 ಬೈಟೇ ಬಂತು. 13ನೇ ಪದ ನೋಡಿದರೆ ಬ್ಲಾಕ್ ಲೇಯರ್‌ನ ಸಬ್ಮಿಟ್_ಬಯೋ ಬಳಗದ್ದೇ ಫಂಕ್ಷನ್. ಹ್ಯಾಂಡಲ್_ಎಂಎಂ_ಫಾಲ್ಟ್ 7ನೇ ಪದದಲ್ಲಿ ಕೂತಿತ್ತು, ನಮ್ಮದೇ ಒಂದು ಲೋಕಲ್ ಅರೇ ಇರೋ ಜಾಗ. ಅದರ ಹಿಂದಿನ ಕಾಲ್ ನಮ್ಮ ಫಂಕ್ಷನ್‌ಗೆ ಅಲ್ಲವೇ ಅಲ್ಲ. ಆಮೇಲೆ ಹೊಸ ಕ್ರ್ಯಾಶ್ ಬಿಲ್ಡ್ ಮಾಡಿ ಅದೇ ಡಂಪ್ ತೆರೆದೆ, ಆ ಸಾಲು ಮಾಯ!

ಇನ್ನೊಂದು ಮಾತು. ಈಗ ಟ್ರೇಸ್ ಸರಿ ಇದೆ, ಆದರೆ ನಮ್ಮ ಸಬ್ಮಿಟ್ ಫಂಕ್ಷನ್ ಒಳಗೆ ಮೂರು ಕಡೆ ಕಾಯುವ ಕೋಡ್ ಇದೆ, ಎಲ್ಲವೂ ಚಿಕ್ಕ ಚಿಕ್ಕ ಫಂಕ್ಷನ್, ಎಲ್ಲವೂ ಇನ್‌ಲೈನ್ ಆಗಿವೆ (ಬೇರೆ ಕಾಲ್ ಇಲ್ಲದೆ ಕರೆದವರ ಕೋಡ್‌ನಲ್ಲೇ ಸೇರಿಹೋಗಿವೆ). ಯಾವುದರಲ್ಲಿ ನಿಂತಿದೆ ಅಂತ ತಿಳಿಯೋದು ಹೇಗೆ?

ಉತ್ತರ 3

ಕ್ರ್ಯಾಶ್‌ನ ಸ್ವಂತ ಬಿಟಿ ಇನ್‌ಲೈನ್ ಆದ ಫಂಕ್ಷನ್‌ಗಳನ್ನು ಬೇರೆ ಫ್ರೇಮ್ ಆಗಿ ತೋರಿಸುವುದಿಲ್ಲ. ಮೊದಲು ಮಾಡ್ -ಎಸ್ ಕೊಟ್ಟು ನಿಮ್ಮ ಮಾಡ್ಯೂಲ್‌ನ ಡೀಬಗ್ ಮಾಹಿತಿ ಲೋಡ್ ಮಾಡಿ. ಆಮೇಲೆ ಬಿಟಿ -ಎಲ್ ಕೊಟ್ಟರೆ ಫೈಲ್ ಮತ್ತು ಸಾಲಿನ ನಂಬರ್ ಬರುತ್ತದೆ, ಎಷ್ಟೋ ಸಲ ಅಷ್ಟೇ ಸಾಕು. ಇತ್ತೀಚಿನ ಕ್ರ್ಯಾಶ್‌ನಲ್ಲಿ ಅದರೊಳಗಿನ ಜಿಡಿಬಿ ಡೀಬಗರ್‌ನ ಅನ್‌ವೈಂಡರ್ ಕೂಡ ಕೆಲಸ ಮಾಡುತ್ತದೆ, ಜಿಡಿಬಿ ಬಿಟಿ ಅಂತ ಕೊಟ್ಟರೆ ಇನ್‌ಲೈನ್ ಫ್ರೇಮ್‌ಗಳೂ ಬರುತ್ತವೆ, ಫ್ರೇಮ್ ಆರಿಸಿಕೊಂಡು ಲೋಕಲ್ ವೇರಿಯಬಲ್‌ಗಳನ್ನೂ ನೋಡಬಹುದು. ಪೈಥಾನ್ ಬರುತ್ತದೆ ಅಂದರೆ ‘ಡ್ರಾಗನ್’ ಅಂತ ಉಚ್ಚರಿಸುವ ಡಿಆರ್‌ಜಿಎನ್ ಅನ್ನುವ ಡೀಬಗರ್ ಕೂಡ ನೋಡಿ, ಅದೇ ವಿಎಂಕೋರ್ ತೆರೆಯುತ್ತದೆ. ಕೆಲವು ವೇರಿಯಬಲ್‌ಗಳು ಆಪ್ಟಿಮೈಸ್ಡ್ ಔಟ್ (ಕಂಪೈಲರ್ ಬೆಲೆ ಉಳಿಸಿಲ್ಲ) ಅಂತ ಬಂದೇ ಬರುತ್ತವೆ, ಅದಕ್ಕೆ ಹೆದರಬೇಡಿ.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. ಪ್ಯಾನಿಕ್ ಥರ ವಾಪಸ್ ಬರದ ಫಂಕ್ಷನ್ನಿಗೆ ಕಾಲ್ ಮಾಡುವುದೇ ಒಂದು ಫಂಕ್ಷನ್‌ನ ಕೊನೆಯ ಇನ್‌ಸ್ಟ್ರಕ್ಷನ್ ಆಗಿದ್ದರೆ, ರಿಟರ್ನ್ ಅಡ್ರೆಸ್ ಪಕ್ಕದ ಫಂಕ್ಷನ್ ಒಳಗೆ ಬೀಳಬಹುದು. ಹೆಸರಿನ ಮುಂದೆ ಆಫ್‌ಸೆಟ್ 0 ಕಂಡರೆ ಒಂದು ಬೈಟ್ ಹಿಂದೆ ಹೋಗಿ ಸಿಂಬಲ್ ನೋಡಿ.

ಉತ್ತರ 1

ಟೂಲ್ ಸುಧಾರಿಸುವುದರ ಬಗ್ಗೆ ಕೇಳಿದ್ದಿರಲ್ಲ, ನನಗೆ ಬೇಕಿರೋದು ಒಂದೇ. ಕರ್ನಲ್‌ನ ಊಪ್ಸ್ (ತಪ್ಪಾದಾಗ ಅದು ಲಾಗ್‌ಗೆ ಬರೆಯುವ ವರದಿ) ನೋಡಿ, ಖಚಿತವಿಲ್ಲದ ಅಡ್ರೆಸ್ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಬಿಟಿ ಕೂಡ ಓಆರ್‌ಸಿ ಬಿಟ್ಟು ಅಂದಾಜಿಗೆ ಇಳಿದಾಗ ಆ ಫ್ರೇಮ್ ಮುಂದೆ ಅದೇ ಚಿಹ್ನೆ ಹಾಕಿದ್ದರೆ ನಿಮ್ಮ ಎರಡು ದಿನ ಉಳಿಯುತ್ತಿತ್ತು. ಉತ್ತರ 2ರಲ್ಲಿ ಹೇಳಿದ ಕಾಲ್ ಪರೀಕ್ಷೆಯನ್ನೂ ಕೋಡ್‌ನಲ್ಲೇ ಮಾಡಬಹುದು. ಒಂದು ಚಿಕ್ಕ ಪ್ಯಾಚ್ ಬರೆಯಲು ಕೂರೋಣವಾ? ನಿಮ್ಮ ಡಂಪ್ ಹೊರಗೆ ಕೊಡೋದು ಬೇಡ, ಮೊದಲಿನ ಮತ್ತು ಆಮೇಲಿನ ಬಿಟಿ ಔಟ್‌ಪುಟ್ ನೀವೇ ಹೋಲಿಸಿ ಹೇಳಿದರೆ ಸಾಕು.

ಪ್ರಶ್ನೆ ಕೇಳಿದವರು

ಖಂಡಿತ. ಶನಿವಾರ ಬೆಳಗ್ಗೆ ಬಿಡುವಿದೆ. ಅಷ್ಟರಲ್ಲಿ 8.0.2 ಮತ್ತು ಹೊಸದು, ಎರಡರಲ್ಲೂ ಡಿ ಸ್ಟೇಟ್‌ನ ಎಲ್ಲ ಟಾಸ್ಕ್‌ಗಳ ಬಿಟಿ ತೆಗೆದಿಟ್ಟುಕೊಂಡಿರುತ್ತೇನೆ.